ನಾವು ಮಲಗಿದ ಮೇಲೆ ನಮ್ಮ ಫೋನು ಏನು ಮಾಡುತ್ತದೆ?

ಕಾಫಿ ಕೊಯ್ಲು ಮುಗಿದು, ಅಡಿಕೆಯೂ ಒಣಗಿ ಚೀಲ ಸೇರಿದ ಮೇಲೆ ನಮ್ಮ ಕಡೆಯ ಬೆಳೆಗಾರನಿಗೆ ನೆಂಟರಿಷ್ಟರ ನೆನಪಾಗುವುದು ವಾಡಿಕೆ. ಈ ಬಾರಿ ನಾವೂ ಹೊರಟೆವು. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ ನಮ್ಮ ಬೀಗರ ಮನೆ. ಮಗಳನ್ನು ಕೊಟ್ಟ ಊರಾದರೂ ಅಲ್ಲಿ ಎರಡು ರಾತ್ರಿ ನಿಂತದ್ದೇ ಇಲ್ಲವೆಂಬ ದೂರು ನಮ್ಮ ಮೇಲಿತ್ತು. ಬೆಂಗಳೂರಿನಿಂದ ರೈಲಿನಲ್ಲಿ ಮಾಲೂರಿಗೆ, ಅಲ್ಲಿಂದ ಬಸ್ಸಿನಲ್ಲಿ ಲಕ್ಕೂರಿಗೆ ಹೋಗಿ, ಮಾರನೆಯ ದಿನ ಅದೇ ಹೋಬಳಿಯ ಚಿಕ್ಕತಿರುಪತಿಯಲ್ಲಿ ವೆಂಕಟರಮಣನ ದರ್ಶನವನ್ನೂ ಮಾಡಿಕೊಂಡು ಬಂದೆವು. ಆದರೆ ಈ ಲೇಖನಕ್ಕೆ ಕಾರಣವಾದದ್ದು ದೇವರ ದರ್ಶನವಲ್ಲ. ಬೀಗರ ಜಗಲಿಯ ಮೇಲೆ ಪಕ್ಕಪಕ್ಕದಲ್ಲಿ ಚಾರ್ಜಿಗೆ ಹಾಕಿಟ್ಟಿದ್ದ ಎರಡು ಫೋನುಗಳು. ಒಂದು ಅವರದು, ಒಂದು ನಮ್ಮದು.

ಮಲೆನಾಡಿನವರ ಕಣ್ಣಿಗೆ ಆ ಸೀಮೆ ಬೇರೆಯೇ ಲೋಕ. ನಮಗೆ ಮಳೆ ಹೆಚ್ಚಾಯಿತೆಂಬ ಚಿಂತೆ, ಅವರಿಗೆ ನೀರೇ ಚಿಂತೆ. ವರ್ಷವಿಡೀ ಹರಿಯುವ ಒಂದು ನದಿಯಿಲ್ಲದ ಜಿಲ್ಲೆ ಅದು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾದರೂ, ಹೊಲದ ಬೆಳೆ ನಿಂತಿರುವುದು ಸಾವಿರ ಅಡಿಗೂ ಮೀರಿ ಕೊರೆದ ಕೊಳವೆ ಬಾವಿಗಳ ಮೇಲೆ. ನಮ್ಮ ಬೀಗರು ಅಂಥ ಒಂದು ಕೊಳವೆ ಬಾವಿಯನ್ನು ನಂಬಿ ಹನಿ ನೀರಾವರಿಯಲ್ಲಿ ಟೊಮೇಟೊ ಬೆಳೆಯುತ್ತಾರೆ. ಕೋಲಾರದ ಮಾರುಕಟ್ಟೆ ದೇಶದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲೊಂದೆಂಬುದು ನಮ್ಮ ಓದುಗರಿಗೆ ತಿಳಿದದ್ದೇ. 2023ರ ಜುಲೈ ತಿಂಗಳಲ್ಲಿ ಅಲ್ಲಿ 15 ಕಿಲೋ ಬಾಕ್ಸೊಂದು ಎರಡು ಸಾವಿರ ರೂಪಾಯಿ ದಾಟಿದಾಗ, ಕಾಫಿ ಬೆಳೆದ ನಾವೇ ತಪ್ಪು ಮಾಡಿದೆವೇನೋ ಎಂದು ಹಲವರಿಗೆ ಅನಿಸಿತ್ತು. ಮರುಬೆಳೆಯಲ್ಲಿ ಅದೇ ಹಣ್ಣು ರಸ್ತೆಬದಿಗೆ ಸುರಿಯುವ ಬೆಲೆಗೂ ಇಳಿಯಬಲ್ಲದು. ಅದು ಹಾಗಿರಲಿ.

ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಸಿಗುವುದು ದಿನಕ್ಕೆ ಕೆಲವೇ ಗಂಟೆ. ಅದರಲ್ಲಿ ಒಂದು ಪಾಲು ಸರಿರಾತ್ರಿಯಲ್ಲಿ. ಹಿಂದೆ ಬೀಗರು ಕಂಬಳಿ ಹೊದ್ದು, ಟಾರ್ಚ್ ಹಿಡಿದು, ಹಾವು ಹುಳಕ್ಕೆ ಅಂಜುತ್ತ ಹೊಲಕ್ಕೆ ಹೋಗಿ ಮೋಟಾರು ಹಾಕಿ ಬರುತ್ತಿದ್ದರು. ಈಗ ಮೊಬೈಲ್ ಸ್ಟಾರ್ಟರ್ ಬಂದಿದೆ. ಸ್ಟಾರ್ಟರಿನ ಪೆಟ್ಟಿಗೆಯೊಳಗೆ ಒಂದು ಸಿಮ್ಮು. ಕರೆಂಟು ಬಂದರೆ ಮೋಟಾರು ತಾನೇ ಹೊರಡುತ್ತದೆ, ನೀರು ಕೈಕೊಟ್ಟರೆ ತಾನೇ ನಿಲ್ಲುತ್ತದೆ, ನಿಂತ ಸುದ್ದಿ ಫೋನಿನ ಆ್ಯಪಿಗೆ ಬರುತ್ತದೆ. ಬೀಗರು ವರ್ಷವಿಡೀ ಈ ಸುದ್ದಿಯನ್ನು ನಂಬಿ ನಿದ್ದೆ ಮಾಡಿದರು.

ಕಳೆದ ಬೇಸಿಗೆಯಲ್ಲಿ ಅವರ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯತೊಡಗಿತು. ಪೇಟೆಯ ಅಂಗಡಿಯೊಂದಕ್ಕೆ ಒಯ್ದರು. ಅಂಗಡಿಯ ಹುಡುಗ ಐದು ನಿಮಿಷದಲ್ಲಿ ಏನೇನೋ ಒತ್ತಿ, ನೂರು ರೂಪಾಯಿ ಪಡೆದು, ಇನ್ನು ಎರಡು ದಿನ ಬರುತ್ತದೆ ಅಣ್ಣಾ ಎಂದು ಕಳಿಸಿದ. ಮಾತು ಸುಳ್ಳಾಗಲಿಲ್ಲ, ಬ್ಯಾಟರಿ ನಿಜವಾಗಿಯೂ ಬಂತು. ಆದರೆ ವಾರದೊಳಗೆ ಒಂದು ರಾತ್ರಿ ಕೊಳವೆ ಬಾವಿಯಲ್ಲಿ ನೀರು ಇಳಿದು ಮೋಟಾರು ನಿಂತಿತು. ಸುದ್ದಿ ಬರಲಿಲ್ಲ. ಎರಡನೆಯ ರಾತ್ರಿಯೂ ಇಲ್ಲ. ಮನೆಯಲ್ಲಿ ಯಾವುದೋ ಸಾವಿನ ಓಡಾಟವಿದ್ದು ಹೊಲಕ್ಕೆ ಹೋದದ್ದು ನಾಲ್ಕನೆಯ ದಿನ. ಗಿಡ ಹೂವೂ ಎಳೆಗಾಯೂ ಇದ್ದ ಹೊತ್ತು. ಒಣಗಿಸಿ ಒಮ್ಮೆಲೇ ನೀರು ಕೊಟ್ಟರೆ ಟೊಮೇಟೊ ಏನು ಮಾಡುತ್ತದೆಂದು ಬೆಳೆದವರಿಗೆ ಗೊತ್ತು: ಹೂವು ಉದುರಿತು, ಉಳಿದ ಕಾಯಿಯ ಬುಡ ಕಪ್ಪಾಗಿ ಗುಳಿಬಿತ್ತು. ಮೊದಲ ಎರಡು ಕೊಯ್ಲು ಕೂಲಿಗೂ ಸಾಲಲಿಲ್ಲ.

“ಮುಂಚೆ ನಾವು ಎದ್ದು ಹೋಗ್ತಿದ್ವಿ ಬೀಗರೆ. ಈಗ ಫೋನು ನಂಬ್ಕೊಂಡು ಮಲಗಿದ್ವಿ. ಫೋನೂ ಮಲಗ್ಬಿಡ್ತು,” ಎಂದರು.

ಅವರ ಕಿರಿಯ ಮಗ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವ ಹುಡುಗ. ಕಾರಣ ಹುಡುಕಿದವನು ಅವನೇ. ಅಂಗಡಿಯವನು ಫೋನಿನಲ್ಲಿದ್ದ ಆ್ಯಪುಗಳನ್ನೆಲ್ಲ, ಒಂದನ್ನೂ ಬಿಡದೆ, ‘ಗಾಢ ನಿದ್ರೆ’ಯ ಪಟ್ಟಿಗೆ ಸೇರಿಸಿಬಿಟ್ಟಿದ್ದ. ಆ ಪಟ್ಟಿಯಲ್ಲಿರುವ ಆ್ಯಪು ನಾವು ತೆರೆದಾಗ ಮಾತ್ರ ಎಚ್ಚರ; ಮುಚ್ಚಿದರೆ ಅದಕ್ಕೆ ಲೋಕವೇ ಇಲ್ಲ. ಆಟದ ಆ್ಯಪಿಗೂ ಅದೇ ಶಿಕ್ಷೆ, ಮೋಟಾರಿನ ಆ್ಯಪಿಗೂ ಅದೇ ಶಿಕ್ಷೆ. ಕಳೆಯ ಜೊತೆಗೆ ಪೈರನ್ನೂ ಕಿತ್ತಂತಾಯಿತು.

ನಾವು ಸಹಾನುಭೂತಿಯಿಂದ ತಲೆಯಾಡಿಸಿ, ಇದಕ್ಕೇ ನಾವು ನಮ್ಮ ಫೋನಿನಲ್ಲಿ ಏನನ್ನೂ ಮುಟ್ಟಿಲ್ಲ ನೋಡಿ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆವು. ಹುಡುಗ ನಕ್ಕು, “ನಿಮ್ದೂ ಕೊಡಿ ಮಾವ, ನೋಡಾನ,” ಎಂದ. ಕೊಟ್ಟೆವು. ಅವನು ಸೆಟ್ಟಿಂಗ್ಸಿಗೆ ಹೋಗಿ ಪ್ರೈವೆಸಿ ಡ್ಯಾಶ್‌ಬೋರ್ಡ್ ಎಂಬ ಪುಟವನ್ನು ತೆರೆದ. 2021ರ ಆಂಡ್ರಾಯ್ಡ್ 12ನೇ ಆವೃತ್ತಿಯಿಂದ ಈಚೆಗೆ ಬಂದ ಫೋನುಗಳಲ್ಲಿ ಇದು ಇದೆ. ಕಳೆದ 24 ಗಂಟೆಗಳಲ್ಲಿ ಯಾವ ಆ್ಯಪು ಎಷ್ಟು ಹೊತ್ತಿಗೆ ಕ್ಯಾಮೆರಾ, ಮೈಕು, ನಾವಿರುವ ಸ್ಥಳ ಇವುಗಳನ್ನು ನೋಡಿತೆಂದು ಗಂಟೆ ನಿಮಿಷದೊಂದಿಗೆ ತೋರಿಸುತ್ತದೆ. ತೋಟದಲ್ಲಿ ರೈಟರು ಬರೆಯುವ ಹಾಜರಿ ಪುಸ್ತಕದಂತೆ.

ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ, ನಾವು ಬೀಗರ ಮನೆಯ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ ಹೊತ್ತಿನಲ್ಲಿ, ಒಂದು ಆ್ಯಪು ನಾವು ಎಲ್ಲಿದ್ದೇವೆಂದು ಮತ್ತೆ ಮತ್ತೆ ನೋಡಿತ್ತು. ಸಾಲುಸಾಲಾಗಿ ಹಾಜರಿ. “ಇದು ಯಾರ್ದು ಮಾವ?” ಎಂದು ಹುಡುಗ ಬೆರಳಿಟ್ಟು ತೋರಿಸಿದ. ಕಾಫಿಯ ಗೆರೆಯೂ ಅಡಿಕೆಯ ಗೊನೆಯೂ ಇರುವ ಗುರುತು. ಬೆಳೆಗಾರ ಬಾಂಧವರೇ, ಅದು ನಮ್ಮ ಸಂಘದ್ದೇ ಆ್ಯಪು.

ಬೀಗರು ನಕ್ಕದ್ದನ್ನು ಇಲ್ಲಿ ಬರೆಯಲಾರೆವು.

ಆ ಆ್ಯಪು ನಮ್ಮ ಫೋನಿಗೂ ನಿಮ್ಮಲ್ಲಿ ಅನೇಕರ ಫೋನಿಗೂ ಹೇಗೆ ಬಂತೆಂದು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು, ತೆರೆಯ ಮುಂದೆ ಕಾಣದ ಆ್ಯಪು ತೆರೆಯ ಹಿಂದೆ ಹೇಗೆ ಬದುಕಿರುತ್ತದೆಂದು ತಿಳಿದುಕೊಳ್ಳುವುದು ಅವಶ್ಯ. ಫೋನಿನವರು ಇದನ್ನು ಕನ್ನಡದಲ್ಲಿ ‘ಹಿನ್ನೆಲೆ ಚಟುವಟಿಕೆ’ ಎಂದು ಬರೆದಿದ್ದಾರೆ. ಹಿನ್ನೆಲೆ ಎಂದರೆ ನಮ್ಮ ಕಿವಿಗೆ ಹಿನ್ನೆಲೆ ಗಾಯನವಷ್ಟೇ. ಆ ಪದವನ್ನು ಓದಿ ಯಾವ ಬೆಳೆಗಾರನೂ ಅದರ ಮೇಲೆ ಒತ್ತಿರಲಾರ.

ಮಾತು ಸರಳ. ನೀವು ಆ್ಯಪನ್ನು ಮುಚ್ಚಿ ಫೋನನ್ನು ಜೇಬಿಗಿಟ್ಟರೂ ಅದು ಆಗಾಗ ಎದ್ದು ಕೆಲಸ ಮಾಡಬಹುದು: ಹೊಸ ಸಂದೇಶವಿದೆಯೇ ಎಂದು ಕೇಳಬಹುದು, ಫೋಟೋಗಳನ್ನು ಮೇಲಕ್ಕೆ ಕಳುಹಿಸಬಹುದು, ಜಾಹೀರಾತು ತಂದಿಟ್ಟುಕೊಳ್ಳಬಹುದು, ನೀವಿರುವ ಜಾಗವನ್ನು ಬರೆದುಕೊಳ್ಳಬಹುದು. ಪ್ರತಿ ಸಲ ಎದ್ದಾಗಲೂ ಬ್ಯಾಟರಿ ಖರ್ಚು, ಡೇಟಾ ಖರ್ಚು. ನಮ್ಮ ಮಲೆನಾಡಿನಲ್ಲಿ ಈ ಖರ್ಚು ಪೇಟೆಗಿಂತ ಹೆಚ್ಚು. ಟವರು ದೂರವಿದ್ದಷ್ಟೂ ಫೋನು ಹೆಚ್ಚು ಶಕ್ತಿ ಹಾಕಿ ಕೂಗಬೇಕು. ಸಿಗ್ನಲ್ ಒಂದೇ ಗೆರೆಯಿರುವ ಕಣಿವೆಯಲ್ಲಿ ಹತ್ತು ಆ್ಯಪು ಹತ್ತು ಸಲ ಕೂಗಿದರೆ ಸಂಜೆಯ ಹೊತ್ತಿಗೆ ಫೋನು ಸುಸ್ತು. ಹೊಸ ಬ್ಯಾಟರಿ ಹಾಕಿಸಿದರೂ ನಿಲ್ಲಲಿಲ್ಲವೆಂದು ದೂರುವ ಸದಸ್ಯರು ಇದನ್ನು ಗಮನಿಸಬೇಕು.

ಆಂಡ್ರಾಯ್ಡ್ ಫೋನುಗಳು ಮೊದಲು ಬಂದಾಗ ಈ ವಿಷಯದಲ್ಲಿ ಕಟ್ಟುನಿಟ್ಟೇ ಇರಲಿಲ್ಲ. ಬಂದವರೆಲ್ಲ ಪಡಸಾಲೆಯಲ್ಲಿ ಕೂರಬಹುದಿತ್ತು. ಐಫೋನಿನವರು ಬಾಗಿಲು ಹಾಕಿಯೇ ಶುರುಮಾಡಿ 2010ರಲ್ಲಿ ಸ್ವಲ್ಪ ತೆರೆದರು, 2013ರಲ್ಲಿ ಪ್ರತಿ ಆ್ಯಪಿಗೂ ಬೇರೆ ಬೇರೆ ಸ್ವಿಚ್ಚು ಕೊಟ್ಟರು. ಆಂಡ್ರಾಯ್ಡಿನಲ್ಲಿ ಬಿಗಿ ಬಂದದ್ದು 2015ರ ಆರನೇ ಆವೃತ್ತಿಯಿಂದ. ಚಾರ್ಜಿಗೆ ಹಾಕದೆ, ಪರದೆ ಆರಿಸಿ, ಅಲುಗಾಡಿಸದೆ ಇಟ್ಟ ಫೋನು ತೂಕಡಿಸತೊಡಗುತ್ತದೆ. ಆಗಾಗ ಒಂದು ಚಿಕ್ಕ ಅವಧಿಗೆ ಎದ್ದು ಎಲ್ಲ ಆ್ಯಪುಗಳ ಬಾಕಿ ಕೆಲಸ ಮುಗಿಸಲು ಬಿಟ್ಟು ಮತ್ತೆ ಕಣ್ಣು ಮುಚ್ಚುತ್ತದೆ. ತುರ್ತು ಎಂದು ಮುದ್ರೆ ಹೊತ್ತು ಬಂದ ಸಂದೇಶಕ್ಕೆ ಮಾತ್ರ ನಡುನಿದ್ದೆಯಲ್ಲೂ ದಾರಿಯುಂಟು. 2018ರ ಒಂಬತ್ತನೇ ಆವೃತ್ತಿ ಆ್ಯಪುಗಳನ್ನು ನಾವು ಬಳಸುವ ರೂಢಿಯ ಪ್ರಕಾರ ದರ್ಜೆ ಮಾಡಿತು: ಈಗ ಬಳಸುತ್ತಿರುವುದು, ದಿನವೂ ಬಳಸುವುದು, ಆಗಾಗ ಬಳಸುವುದು, ಅಪರೂಪದ್ದು. ಕಾಫಿಯನ್ನು ಎ, ಬಿ, ಸಿ ಎಂದು ಜಾಲರಿಯಲ್ಲಿ ಬೇರ್ಪಡಿಸಿದ ಹಾಗೆ. 2021ರಲ್ಲಿ ಇವುಗಳ ಕೆಳಗೆ ‘ನಿರ್ಬಂಧಿತ’ವೆಂಬ ಇನ್ನೊಂದು ದರ್ಜೆ ಸೇರಿತು, ಅದರಲ್ಲಿ ಬಿದ್ದ ಆ್ಯಪಿಗೆ ಹಿಂದಿನ ಕೆಲಸಕ್ಕೆ ಸಿಗುವುದು ದಿನಕ್ಕೆ ಒಂದು ಸಲ, ಹತ್ತು ನಿಮಿಷ.

ಇದೆಲ್ಲ ಒಳ್ಳೆಯದೇ. ಆದರೆ ಇಲ್ಲೊಂದು ತೊಡಕು. ದರ್ಜೆ ಮಾಡುವುದು ಯಂತ್ರ. ಯಂತ್ರ ನೋಡುವುದು ನಾವು ಎಷ್ಟು ಸಲ ತೆರೆದೆವೆಂಬುದನ್ನು. ನಾವು ದಿನಕ್ಕೆ ಇಪ್ಪತ್ತು ಸಲ ತೆರೆಯುವ ಹಾಡು ಕುಣಿತದ ಆ್ಯಪಿಗೆ ಮೇಲಿನ ದರ್ಜೆ. ಮೋಟಾರು ನಿಂತಾಗ ಮಾತ್ರ ಕೂಗಬೇಕಾದ, ಉಳಿದಂತೆ ನಾವು ತೆರೆದೇ ನೋಡದ ಆ್ಯಪಿಗೆ ಕೆಳಗಿನದು. ತೋಟದ ಕಾವಲುಗಾರನನ್ನು ಅವನು ದಿನಕ್ಕೆ ಎಷ್ಟು ಸಲ ನಮ್ಮೊಡನೆ ಮಾತಾಡಿದನೆಂದು ಎಣಿಸಿ ಸಂಬಳ ಕೊಟ್ಟಂತೆ. ಇದರ ಮೇಲೆ ಕೆಲವು ಫೋನು ತಯಾರಕರು, ತಮ್ಮ ಫೋನಿನ ಬ್ಯಾಟರಿ ಹೆಚ್ಚು ದಿನ ಬರುತ್ತದೆಂದು ಹೇಳಿಕೊಳ್ಳುವುದಕ್ಕಾಗಿ, ಗೂಗಲ್ಲು ಕೇಳದಷ್ಟು ಕಠಿಣವಾದ ತಮ್ಮದೇ ಕತ್ತರಿಯನ್ನೂ ಸೇರಿಸಿದ್ದಾರೆ. ಆದ್ದರಿಂದಲೇ ಕೊನೆಯ ಮಾತು ಫೋನು ಹೊತ್ತವನದಾಗಿರಬೇಕು, ಆ ಸ್ವಿಚ್ಚು ಅವನಿಗೆ ಕಾಣುವ ಕಡೆ, ಅವನಿಗೆ ತಿಳಿಯುವ ಮಾತಿನಲ್ಲಿ ಇರಬೇಕು ಎಂಬುದು ನಮ್ಮ ಅಭಿಪ್ರಾಯ. ಈಗ ಸ್ವಿಚ್ಚು ಇದೆ. ಕಾಣುವ ಕಡೆ ಇಲ್ಲ.

ನಮ್ಮ ಬದುಕಿಗೆ ಹತ್ತಿರವಾದ ಒಂದು ಉದಾಹರಣೆ ಸಿಡಿಲಿನದು. ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವ ಮಳೆಯಲ್ಲಿ ಸಿಡಿಲು ಬಡಿದು ಹೊಲದಲ್ಲಿ, ಮರದಡಿಯಲ್ಲಿ ಜನ ಸಾಯುವುದು ಬಯಲುಸೀಮೆಗೂ ಮಲೆನಾಡಿಗೂ ಸಮಾನ ದುಃಖ. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರ ‘ದಾಮಿನಿ’ ಎಂಬ ಆ್ಯಪಿದೆ. ನೀವಿರುವ ಜಾಗದ ಸುತ್ತ 20 ಹಾಗೂ 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಸಿಡಿಲಿನ ಸುಳಿವಿದ್ದರೆ ಎಚ್ಚರಿಸುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ‘ಸಿಡಿಲು’ ಎಂಬ ಹೆಸರಿನಲ್ಲೇ ಇಂಥದೊಂದನ್ನು ತಂದಿತ್ತು. ನೀವೆಲ್ಲಿದ್ದೀರೆಂದು ತಿಳಿಯದೆ ಇಂಥ ಆ್ಯಪು ಎಚ್ಚರಿಸುವುದು ಹೇಗೆ? ಗಿಡ ಕಸಿ ಮಾಡುವಾಗ ಫೋನು ತೆರೆದುಕೊಂಡು ಕೂರುವವರಿಲ್ಲ. ಅದು ಜೇಬಿನಲ್ಲಿದ್ದುಕೊಂಡೇ ನೋಡಬೇಕು. ಅಂದರೆ ಸಂಘದ ಆ್ಯಪು ನಮ್ಮಿಂದ ಕೇಳದೆ ಪಡೆದುಕೊಂಡಿದ್ದ ಅನುಮತಿಯನ್ನೇ ಇದಕ್ಕೆ ನಾವು ತಿಳಿದು ಕೊಡಬೇಕು. ಒಂದೇ ಅನುಮತಿ, ಒಬ್ಬರಿಗೆ ಕೊಟ್ಟರೆ ಜೀವ ಉಳಿದೀತು, ಇನ್ನೊಬ್ಬರಿಗೆ ಕೊಟ್ಟರೆ ಬೇಹುಗಾರಿಕೆ. ಎಲ್ಲಕ್ಕೂ ಹೌದು ಎನ್ನುವವನೂ ಎಲ್ಲಕ್ಕೂ ಬೇಡ ಎನ್ನುವ ಅಂಗಡಿಯ ಹುಡುಗನೂ ಇಲ್ಲಿ ಸಮಾನ ತಪ್ಪುಗಾರರು.

ಇದರ ಬದಿಯಲ್ಲಿ ಇನ್ನೊಂದು ದಾರಿಯನ್ನೂ ಹೇಳಬೇಕು. 2023ರ ಅಕ್ಟೋಬರ್ 12ರಂದು ನಮ್ಮ ರಾಜ್ಯದ ಫೋನುಗಳೆಲ್ಲ ಒಮ್ಮೆಲೇ ವಿಚಿತ್ರ ಸದ್ದು ಮಾಡಿ ಬೆಚ್ಚಿಸಿದ್ದು ನಿಮಗೆ ನೆನಪಿರಬಹುದು. ಅದು ಸರ್ಕಾರದ ವಿಪತ್ತು ಎಚ್ಚರಿಕೆಯ ಪರೀಕ್ಷೆ. ಅದಕ್ಕೆ ಆ್ಯಪು ಬೇಡ, ನೀವೆಲ್ಲಿದ್ದೀರೆಂಬ ಲೆಕ್ಕವೂ ಬೇಡ. ಟವರು ತನ್ನ ಸರಹದ್ದಿನಲ್ಲಿ ನಿಂತವರಿಗೆಲ್ಲ ಒಟ್ಟಿಗೆ ಡಂಗುರ ಸಾರುತ್ತದೆ. ಸಾರುವವನಿಗೆ ಕೇಳುವವರ ಹೆಸರು ಬೇಕಿಲ್ಲ. ಕಾಫಿ ಮಂಡಳಿಯು 2018ರಲ್ಲಿ ಆರಂಭಿಸಿದ ‘ಕಾಫಿ ಕೃಷಿ ತರಂಗ’ವೂ ಧ್ವನಿ ಕರೆಯ ಮೂಲಕ ಸಲಹೆ ಕೊಡುವ ಸೇವೆಯಾದ್ದರಿಂದ ಬಟನ್ ಫೋನಿಗೂ ಸಾಕಾಗುತ್ತಿತ್ತು. ಆ್ಯಪು ಮಾಡಿಸುವ ಉತ್ಸಾಹದಲ್ಲಿ ಈ ಹಳೆಯ ದಾರಿಗಳನ್ನು ಮರೆತವರಲ್ಲಿ ನಾವೂ ಒಬ್ಬರು.

ಇನ್ನು, ಬೇಡ ಎನ್ನಲು ಸಾಧ್ಯವೇ ಇಲ್ಲದ ಸಂದರ್ಭಗಳೂ ಬಂದು ಹೋಗಿವೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ ಕೊನೆಗೆ, ಮನೆಯಲ್ಲೇ ಪ್ರತ್ಯೇಕವಾಸದಲ್ಲಿದ್ದವರು ಗಂಟೆಗೊಮ್ಮೆ ತಮ್ಮ ಫೋಟೋ ತೆಗೆದು ಆ್ಯಪಿನಲ್ಲಿ ಕಳುಹಿಸಬೇಕೆಂದು ನಮ್ಮ ರಾಜ್ಯ ಸರ್ಕಾರ ಆದೇಶಿಸಿತು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ರಿಯಾಯಿತಿ. ಫೋಟೋದೊಂದಿಗೆ ಇರುವ ಜಾಗವೂ ಹೋಗುತ್ತಿತ್ತು. ಆ ಕಾಲ ಹಾಗಿತ್ತು, ಹೆಚ್ಚು ಹೇಳುವುದು ಬೇಡ. ಕೇಂದ್ರದ ಆರೋಗ್ಯ ಸೇತು ಆ್ಯಪಿನ ವಿಷಯ ನಮ್ಮ ರಾಜ್ಯದ ಹೈಕೋರ್ಟಿಗೆ ಹೋದಾಗ, ಅದನ್ನು ಹಾಕಿಕೊಂಡಿಲ್ಲವೆಂಬ ಕಾರಣಕ್ಕೆ ಕಾನೂನಿನ ಆಧಾರವಿಲ್ಲದೆ ಯಾರಿಗೂ ಸವಲತ್ತು ನಿರಾಕರಿಸುವಂತಿಲ್ಲವೆಂದು 2020ರ ಅಕ್ಟೋಬರಿನಲ್ಲಿ ಮಧ್ಯಂತರ ಆದೇಶವಾಯಿತು. ಈಚೆಗೆ, 2025ರ ನವೆಂಬರ್ 28ರಂದು, ಹೊಸ ಫೋನುಗಳಲ್ಲೆಲ್ಲ ‘ಸಂಚಾರ್ ಸಾಥಿ’ ಆ್ಯಪನ್ನು ಮೊದಲೇ ಹಾಕಿರಬೇಕು, ಅದರ ಕೆಲಸವನ್ನು ಯಾರೂ ತಡೆಯುವಂತಿರಬಾರದು ಎಂದು ದೂರಸಂಪರ್ಕ ಇಲಾಖೆ ತಯಾರಕರಿಗೆ ಸೂಚಿಸಿತು. ದೇಶದೆಲ್ಲೆಡೆ ಗದ್ದಲವಾಯಿತು. ಡಿಸೆಂಬರ್ 3ರಂದು ಕಡ್ಡಾಯವನ್ನು ಹಿಂತೆಗೆದುಕೊಂಡರು. ಕಳೆದುಹೋದ ಫೋನನ್ನು ಹುಡುಕಲು ಆ ಆ್ಯಪು ಉಪಯುಕ್ತವೇ. ಆಕ್ಷೇಪವಿದ್ದದ್ದು ‘ತಡೆಯುವಂತಿರಬಾರದು’ ಎಂಬ ಒಂದು ಮಾತಿಗೆ.

ಇವುಗಳಿಗೆಲ್ಲ ಬುನಾದಿಯಾದ ತೀರ್ಪು ಕನ್ನಡ ನಾಡಿನ ಹಿರಿಯರೊಬ್ಬರ ಹೆಸರಿನಲ್ಲಿದೆ ಎಂಬುದನ್ನು ನಾವು ನೆನೆಯಬೇಕು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪಿತ್ತದ್ದು 2017ರ ಆಗಸ್ಟ್ 24ರಂದು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆ ತೀರ್ಪಿನ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಕಟ್ಟುಪಾಡುಗಳ ಪಾಲನೆಗೆ 18 ತಿಂಗಳ ಅವಕಾಶ ಕೊಡಲಾಯಿತು. ಕಾಯಿದೆಯಲ್ಲಿ ಒಂದು ಉದಾಹರಣೆಯಿದೆ. ವೈದ್ಯರ ಸಲಹೆ ಕೊಡುವ ಆ್ಯಪೊಂದು ನಿಮ್ಮ ಫೋನಿನಲ್ಲಿರುವ ಹೆಸರು ನಂಬರುಗಳ ಪಟ್ಟಿಯನ್ನೂ ಕೇಳುತ್ತದೆ, ನೀವು ಹೂಂ ಎನ್ನುತ್ತೀರಿ. ಆದರೂ ಆ ಒಪ್ಪಿಗೆ ವೈದ್ಯಕೀಯ ಸಲಹೆಗೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ, ಪಟ್ಟಿಗೆ ಅನ್ವಯಿಸದು. ಒಪ್ಪಿಗೆ ಕೇಳುವ ಕಾಗದ ಬೇಕೆಂದವರಿಗೆ ಕನ್ನಡದಲ್ಲೂ ಸಿಗಬೇಕು. ಸಹಕಾರ ಸಂಘವೆಂದು ಈ ಕಾಯಿದೆಯಿಂದ ನಮಗೆ ವಿನಾಯಿತಿಯೇನೂ ಇಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ.

ಮೂರು ವರ್ಷದ ಹಿಂದೆ ಆ್ಯಪು ಮಾಡಿಸೋಣವೆಂದು ಆಡಳಿತ ಮಂಡಳಿ ತೀರ್ಮಾನಿಸಿದಾಗ ಇದ್ದ ಉದ್ದೇಶ ಚಿಕ್ಕದು: ದಿನದ ಧಾರಣೆ, ಮೈಲುತುತ್ತ ಸುಣ್ಣದ ದಾಸ್ತಾನು, ಸಾಲದ ಬಾಕಿ. ಮಾಡಿಕೊಟ್ಟವರು, ತೋಟದ ಜಾಗವನ್ನು ಗುರುತು ಹಾಕಿಕೊಂಡರೆ ಮುಂದೆ ಮಳೆ ಮಾಹಿತಿ, ಎಲೆಚುಕ್ಕಿ ರೋಗದ ಮಾಹಿತಿ ಎಲ್ಲ ಕೊಡಬಹುದು ಎಂದರು. ಸರಿಯೆಂದು ಸಹಿ ಹಾಕಿದೆವು. ಮಳೆಗಾಲಕ್ಕೆ ಮುಂಚೆ ಮೈಲುತುತ್ತ ವಿತರಣೆಯ ದಿನ ಸದಸ್ಯರು ಸಾಲು ನಿಂತಿದ್ದಾಗ ನಮ್ಮ ಸಿಬ್ಬಂದಿಯೇ ಒಬ್ಬೊಬ್ಬರ ಫೋನು ತೆಗೆದುಕೊಂಡು ಆ್ಯಪು ಹಾಕಿಕೊಟ್ಟರು. ಸ್ಥಳ ನೋಡಲು ಅನುಮತಿ ಕೇಳಿದಾಗ ‘ಬಳಸುವಾಗ ಮಾತ್ರ’ ಎಂಬುದೂ ಇತ್ತು, ‘ಯಾವಾಗಲೂ’ ಎಂಬುದೂ ಇತ್ತು. ‘ಯಾವಾಗಲೂ’ ಎಂದು ಕೊಡಬೇಕಾದರೆ ಸೆಟ್ಟಿಂಗ್ಸಿನ ಒಳಪುಟಕ್ಕೇ ಹೋಗಬೇಕು. 2020ರಿಂದ ಗೂಗಲ್ಲಿನವರು ಬೇಕೆಂದೇ ಆ ಅಡ್ಡಗೋಡೆ ಇಟ್ಟಿದ್ದಾರೆ. ನಮ್ಮ ಸಿಬ್ಬಂದಿಗೆ ಕೊಟ್ಟಿದ್ದ ಚೀಟಿಯಲ್ಲಿ ಆ ಗೋಡೆ ಹತ್ತುವ ವಿಧಾನವನ್ನು ಚಿತ್ರಸಹಿತ ಬರೆದಿತ್ತು. ಅವರು ಹತ್ತಿದರು. ಚೀಟಿಗೆ ಕಾರ್ಯದರ್ಶಿಯ ಮೊಹರಿತ್ತು. ಬ್ಯಾಟರಿ ಬೇಗ ಹೋಗುತ್ತಿದೆಯೆಂದು ಆ ಮಳೆಗಾಲವಿಡೀ ಬಂದ ದೂರುಗಳಿಗೆ, ಫೋನು ಹಳೆಯದಾಗಿರಬೇಕು ಎಂದು ನಾವೇ ಉತ್ತರ ಹೇಳಿದ್ದೆವು.

ಲಕ್ಕೂರಿನಿಂದ ಬಂದವರೇ ವಿಷಯವನ್ನು ಮಂಡಳಿಯ ಸಭೆಯ ಮುಂದಿಟ್ಟೆವು. ಅಲ್ಲಿ ನಡೆದದ್ದನ್ನು ಹೇಳದಿದ್ದರೆ ಲೇಖನ ಅರ್ಧ. ಕೆಲವರು ಕೂಡಲೇ ತೆಗೆಸಿ ಎಂದರು. ಒಬ್ಬ ನಿರ್ದೇಶಕರು ಮಾತ್ರ ಬೇರೊಂದು ಮಾತೆತ್ತಿದರು. ಸಂಘದಿಂದ ಬೆಳೆಸಾಲ ಪಡೆದು ಕಾಫಿಯನ್ನು ರಾತ್ರೋರಾತ್ರಿ ಖಾಸಗಿ ವ್ಯಾಪಾರಿಯ ಗೋದಾಮಿಗೆ ಹಾಕುವವರಿದ್ದಾರೆ. ಯಾರ ಫೋನು ಯಾವ ಗೋದಾಮಿನ ಮುಂದೆ ಎಷ್ಟು ಹೊತ್ತು ನಿಂತಿತೆಂದು ಲೆಕ್ಕ ನಮ್ಮ ಕೈಯಲ್ಲೇ ಇರುವಾಗ ಅದನ್ನೇಕೆ ಬಿಡಬೇಕು? ಅರ್ಧ ತಮಾಷೆಯಾಗಿ ಆಡಿದ ಮಾತು. ಯಾರೂ ನಗಲಿಲ್ಲ. ಸಾಲ ವಸೂಲಿಯ ಹೊಣೆ ಹೊತ್ತ ಕಾರ್ಯದರ್ಶಿಗೆ ಆ ಕ್ಷಣ ಆಸೆಯೇ ಆಗಲಿಲ್ಲವೆಂದರೆ ಸುಳ್ಳಾದೀತು. ಬಾಕಿದಾರರ ಹೆಸರುಗಳು ಕಣ್ಣ ಮುಂದೆ ಬಂದು ಹೋದವು.

ಹಿರಿಯ ಸದಸ್ಯೆಯೊಬ್ಬರು, ಗಂಡ ಹೋದ ಮೇಲೆ ತಾವೇ ತೋಟ ನಡೆಸಿಕೊಂಡು ಬಂದವರು, ಮಂಡಳಿಯಲ್ಲಿದ್ದಾರೆ. ಸಾಮಾನ್ಯವಾಗಿ ಮಾತು ಕಡಿಮೆ. ಅವರೆಂದರು: “ನನ್ನ ತೋಟ ಎಲ್ಲಿದೆ ಅಂತ ಸಂಘಕ್ಕೆ ನಲವತ್ತು ವರ್ಷದಿಂದ ಗೊತ್ತು. ಪಹಣಿ ಕೊಟ್ಟಿದ್ದೀನಿ. ತೋಟ ನಡೆದುಕೊಂಡು ಎಲ್ಲಿಗೂ ಹೋಗಲ್ಲ. ನೀವು ಕೇಳ್ತಿರೋದು ನಾನು ಎಲ್ಲಿಗೆ ಹೋಗ್ತೀನಿ ಅಂತ.”

ಅಲ್ಲಿಗೆ ಚರ್ಚೆ ಮುಗಿಯಿತು. ಮೂರು ಠರಾವುಗಳಾದವು. ಆ್ಯಪಿನಿಂದ ಸ್ಥಳ ನೋಡುವ ಕೆಲಸವನ್ನು ಪೂರ್ತಿ ತೆಗೆಯುವುದು. ಈವರೆಗೆ ಸೇರಿದ ಲೆಕ್ಕವನ್ನು ಅಳಿಸುವಂತೆ ಮಾಡಿಕೊಟ್ಟವರಿಗೆ ಬರೆಯುವುದು. ಸದಸ್ಯರಿಗೆ ನಡೆದದ್ದನ್ನು ನಡೆದಂತೆ ತಿಳಿಸುವುದು. ಮೊದಲನೆಯದು ಆಗಿದೆ. ಎರಡನೆಯದಕ್ಕೆ, ಅಳಿಸಿದ್ದೇವೆ ಎಂಬ ಉತ್ತರ ಬಂದು ಕಡತದಲ್ಲಿದೆ. ನಮ್ಮ ಬಳಿ ಇರುವುದು ಆ ಕಾಗದ ಮಾತ್ರ, ಒಳಗೆ ಹೋಗಿ ನೋಡಿ ಬರುವ ದಾರಿ ನಮಗಿಲ್ಲ. ಮೂರನೆಯದು ಈ ಲೇಖನ.

ಸದಸ್ಯರು ಮಾಡಬೇಕಾದದ್ದು ಹೆಚ್ಚಿಲ್ಲ. ಹಳೆಯ ಆ್ಯಪು ಇನ್ನೂ ಕೆಲವರ ಫೋನಿನಲ್ಲಿ ಹಾಗೆಯೇ ಇದೆ. ಪ್ಲೇಸ್ಟೋರಿನಲ್ಲಿ ಹೊಸದನ್ನು ಹಾಕಿಕೊಳ್ಳಿ, ಇಲ್ಲವೇ ತೆಗೆದೇ ಹಾಕಿ. ಆ್ಯಪಿಲ್ಲದವರಿಗೆ ಧಾರಣೆ ಹಿಂದಿನಂತೆ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ, ಮೈಲುತುತ್ತದ ಸರದಿಯಲ್ಲೂ ಭೇದವಿಲ್ಲ. ಆಮೇಲೆ ಬಿಡುವಾದಾಗ ಸೆಟ್ಟಿಂಗ್ಸಿನಲ್ಲಿ ಆ್ಯಪುಗಳ ಪಟ್ಟಿಗೆ ಹೋಗಿ ಒಂದೊಂದನ್ನೇ ಒತ್ತಿ ನೋಡಿ. ಒಳಗೆ ಬ್ಯಾಟರಿ ಎಂಬಲ್ಲಿ ಮೂರು ಆಯ್ಕೆಗಳಿರುತ್ತವೆ: ನಿರ್ಬಂಧವಿಲ್ಲ, ಹದವಾಗಿ, ನಿರ್ಬಂಧಿತ, ಫೋನಿನಿಂದ ಫೋನಿಗೆ ಪದಗಳು ಸ್ವಲ್ಪ ಬೇರೆಯಿರಬಹುದು. ಮೋಟಾರು, ಸಿಡಿಲು, ಇಂಥವು ಮೊದಲನೆಯದರಲ್ಲಿರಲಿ. ಬ್ಯಾಂಕು, ವಾಟ್ಸಾಪು ನಡುವಿನದರಲ್ಲಿದ್ದರೆ ಸಾಕು. ಆಟ, ಅಂಗಡಿ, ಒಮ್ಮೆ ಬಳಸಿ ಮರೆತದ್ದು ಎಲ್ಲವನ್ನೂ ಕೊನೆಯದಕ್ಕೆ ತಳ್ಳಿ. ಡೇಟಾ ಎಂಬಲ್ಲಿ ‘ಹಿನ್ನೆಲೆ ಡೇಟಾ’ ಎಂಬ ಸ್ವಿಚ್ಚನ್ನೂ ಹಾಗೆಯೇ ನೋಡಿಕೊಳ್ಳಿ. ಸ್ಥಳದ ಅನುಮತಿ ‘ಯಾವಾಗಲೂ’ ಎಂದು ಯಾರಿಗಿದೆಯೋ ಅವರ ಮೇಲೆ ಗುಮಾನಿಯಿರಲಿ. ಬೆಳೆ ಸಮೀಕ್ಷೆಯ ಆ್ಯಪಿಗೆ ಹೊಲದಲ್ಲಿ ನಿಂತು ಫೋಟೋ ತೆಗೆಯುವಾಗ ಜಾಗ ಬೇಕು, ಸರಿ, ರಾತ್ರಿ ಬೇಕಿಲ್ಲ. ಸರ್ವೆ ನಂಬರು ನೋಡುವ ದಿಶಾಂಕ್‌ಗೂ ಅಷ್ಟೇ. ಇನ್ನು ತೆರೆದ ಆ್ಯಪುಗಳನ್ನು ದಿನಕ್ಕೆ ಹತ್ತು ಸಲ ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಕೂರುವ ಅಭ್ಯಾಸ ಅನೇಕರಿಗಿದೆ. ಅದರಿಂದ ಬ್ಯಾಟರಿ ಉಳಿಯುವುದು ಅಷ್ಟಕ್ಕಷ್ಟೇ, ಮತ್ತೆ ಮೊದಲಿನಿಂದ ತೆರೆಯುವ ಖರ್ಚೇ ಹೆಚ್ಚು. ‘ಫೋರ್ಸ್ ಸ್ಟಾಪ್’ ಒತ್ತಿದರೆ ಮಾತ್ರ ಎಚ್ಚರ: ನೀವಾಗಿ ಮತ್ತೆ ತೆರೆಯುವವರೆಗೆ ಅದಕ್ಕೆ ತುರ್ತು ಸಂದೇಶವೂ ತಲುಪುವುದಿಲ್ಲ. ಬ್ಯಾಟರಿ ಉಳಿಸುತ್ತೇವೆಂದು ಬರುವ ಆ್ಯಪುಗಳನ್ನು ಹಾಕಿಕೊಳ್ಳಲೇ ಬೇಡಿ. ಅವೂ ಹಿಂದಿನಿಂದ ನಡೆಯುವ ಆ್ಯಪುಗಳೇ.

ತಾವಾಗಿ ಮಾಡಿಕೊಳ್ಳಲಾರದವರು ಮುಂದಿನ ಮೈಲುತುತ್ತ ವಿತರಣೆಯ ದಿನ ಕಚೇರಿಗೆ ಫೋನು ತನ್ನಿ. ಈ ಸಲ ನಮ್ಮ ಸಿಬ್ಬಂದಿ ನಿಮ್ಮ ಫೋನನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಪಕ್ಕದಲ್ಲಿ ನಿಂತು ಹೇಳುತ್ತಾರೆ, ಒತ್ತುವ ಬೆರಳು ನಿಮ್ಮದೇ. ಸಾಲು ನಿಧಾನವಾದೀತು, ಸಹಿಸಿಕೊಳ್ಳಬೇಕು.

ಬೀಗರು ಮೊನ್ನೆ ಫೋನು ಮಾಡಿದ್ದರು. ಹುಡುಗ ಮೋಟಾರಿನ ಆ್ಯಪನ್ನು ನಿದ್ರೆಯ ಪಟ್ಟಿಯಿಂದ ಬಿಡಿಸಿ, ಅದರ ಕೂಗನ್ನೂ ಜೋರು ಮಾಡಿ ಇಟ್ಟಿದ್ದಾನಂತೆ. ಸರಿರಾತ್ರಿ ಎರಡೂ ಹತ್ತಕ್ಕೆ ಅದು ಕೂಗಿ, ಇವರು ಎದ್ದು, ಹಟ್ಟಿಯ ಎಮ್ಮೆಯೂ ಎದ್ದು, ಪಕ್ಕದ ಮನೆಯವರು ಕಳ್ಳ ಬಂದನೆಂದು ದೀಪ ಹಾಕಿದರಂತೆ. ಹೊಲಕ್ಕೆ ಹೋಗಿ ನೋಡಿದರೆ ನೀರು ಇಳಿದದ್ದು ನಿಜ; ಅರ್ಧ ಗಂಟೆ ಬಿಟ್ಟು ಮತ್ತೆ ಮೋಟಾರು ಹಾಕಿ ಬಂದರಂತೆ. ಕೂಗನ್ನು ಸ್ವಲ್ಪ ಮೆತ್ತಗೆ ಮಾಡುವ ಸ್ವಿಚ್ಚು ಎಲ್ಲಿದೆಯೆಂದು ಈಗ ಬೀಗಿತ್ತಿಯವರು ಕೇಳುತ್ತಿದ್ದಾರೆ.